ಮೆಂಬರರ ಅಡಿಗಲ್ಲು

ರಾಜಕಾರಣಿಯ ಜೀಪು ಓಡಿಸುವವನಿಗೆ ನಗು ಬರುವ ಜಾಗಗಳೆಲ್ಲ ನಗಬಾರದ ಜಾಗಗಳೇ. ನಾಲ್ಕನೇ ಕ್ಲಾಸಿನಲ್ಲಿ ಸ್ಲೇಟು ಬಿಸಾಡಿ, ಲಾರಿ ಕ್ಲೀನರಾಗಿ ಮಾಕುಟ್ಟ ಘಾಟಿಯ ಆಚೆ ಈಚೆ ಅಲೆದು, ಎಲ್ಲೂ ನಿಲ್ಲದ ನಾನು ಕೊಡಗು ರಾಜ್ಯದ ಅಸೆಂಬ್ಲಿ ಮೆಂಬರೊಬ್ಬರ ಹತ್ತಿರ ಮಾತ್ರ ಕೆಲವು ವರ್ಷ ನಿಂತೆ. ನಗು ನುಂಗುವುದನ್ನು ಕಲಿತದ್ದು ಅಲ್ಲೇ.

ಬೆನ್ನ ಸವಾರಿ

ಮೊದಲ ಚುನಾವಣೆ. ಭಾಗಮಂಡಲದ ಆಚೆ ಒಂದು ಹೊಳೆ. ಓಟು ಆ ದಡದಲ್ಲಿ, ನಾವು ಈ ದಡದಲ್ಲಿ. ಗಟ್ಟಿಮುಟ್ಟಾದ ಯುವಕನೊಬ್ಬ ನಮ್ಮ ಮೆಂಬರರನ್ನು ಬೆನ್ನ ಮೇಲೆ ಹೊತ್ತು ನೀರಿಗಿಳಿದ. ನಡುಹೊಳೆಯಲ್ಲಿ ನಿಂತೇಬಿಟ್ಟ.

"ಇಲ್ಲಿ ಸೇತುವೆ ಮಾಡಿಸ್ತೀರಾ ಅಣ್ಣಾ?"

"ಖಂಡಿತ."

"ಗಟ್ಟಿ ಹೇಳಿ, ದಡದಲ್ಲಿ ಅವ್ವ ಇದ್ದಾಳೆ."

ಇವರು ಅವನ ಕುತ್ತಿಗೆ ಅಪ್ಪಿಕೊಂಡು ಕೂಗಿದರು: "ಮಾಡಿಸ್ತೇನೆ ಮಾರಾಯ, ನೀನು ಮೊದಲು ನಡಿ!"

ಬೇರೆ ಯಾವ ಮಾತನ್ನೂ ಅವರು ಅಷ್ಟು ಮನಸಾರೆ ಕೊಟ್ಟದ್ದು ನಾನು ಕಾಣೆ.

ಸಂತಾಪ

ಗೆದ್ದರು. ಸೇತುವೆ ಬರಲಿಲ್ಲ, ಮಳೆಗಾಲ ಬಂತು. ಅಂಗಡಿ ಸಾಮಾನು ಹೊತ್ತು ದಾಟುವಾಗ ಅದೇ ಯುವಕ ಹೊಳೆಪಾಲಾದ. ಸಾವಾದರೆ ನಮ್ಮಲ್ಲಿ ಎರಡು ಗುಂಡು ಹಾರಿಸುತ್ತಾರೆ, ಕೇಳಿದವರು ಹೋಗಲೇಬೇಕು. ಹೋದೆವು, ಹೊಳೆಯವರೆಗೆ. ಮೆಂಬರರು ಕೊಡೆ ಹಿಡಿದು ಈ ದಡದಿಂದಲೇ ಕೂಗಿದರು:

"ಅವ್ವಾ, ತುಂಬ ದುಃಖ ಆಯ್ತು!"

ಗಾಳಿ ಆಚೆ ದಡದಿಂದ ಬೀಸುತ್ತಿತ್ತು. ತಾಯಿಯ ದನಿ ನಮಗೆ ಸ್ಪಷ್ಟ: "ಕೇಳುದಿಲ್ಲ!"

"ದುಃಖ! ದುಃಖ!"

"ಈಚೆ ಬಂದು ಹೇಳಿ!"

ಮೆಂಬರರು ಕೆಂಪು ನೀರನ್ನು ನೋಡಿದರು. ನನ್ನ ಕಡೆ ತಿರುಗಿ, "ಅವರಿಗೆ ಕೇಳಿತು ಅಲ್ವಾ? ಜೀಪು ತಿರುಗಿಸು" ಅಂದರು.

ಬೆಲ್ಲದ ಕಾಫಿ

ನೀರಿಳಿದ ಮೇಲೆ ಮತ್ತೆ ಹೋದೆವು. ಈ ಸಲ ಬೆನ್ನು ಕೊಡುವವರಿರಲಿಲ್ಲ; ಮೆಂಬರರು ಪಂಚೆ ಎತ್ತಿ ತಾವೇ ಇಳಿದರು. ತಾಯಿ ಬೆಲ್ಲದ ಕಾಫಿ ಕೊಟ್ಟರು. ಮೆಂಬರರು ಏನಾದರೂ ಹೇಳಲೇಬೇಕಲ್ಲ.

"ಸೇತುವೆ ಇದ್ದಿದ್ರೆ ನಾನು ಅವತ್ತೇ ಬರ್ತಿದ್ದೆ ಅವ್ವಾ."

"ಸೇತುವೆ ಇದ್ದಿದ್ರೆ ನೀವು ಬರುವ ಕೆಲಸವೇ ಇರ್ಲಿಲ್ಲ."

ನನಗೆ ಕಾಫಿ ನೆತ್ತಿಗೆ ಹತ್ತಿತು.

ಹಾಲಿ, ಮಾಜಿ

ಆ ಮಾತು ಚುಚ್ಚಿತೋ ಏನೋ, ಬೇಗನೇ ಜೀಪಿನಲ್ಲಿ ಅಡಿಗಲ್ಲು ಹೋಯಿತು. ಉದ್ದನೆಯ ಚಪ್ಪಡಿ, ಮೇಲೆ ಮೆಂಬರರ ಹೆಸರು, ಆಳಕ್ಕೆ ಕೆತ್ತಿದ ದಪ್ಪ ಅಕ್ಷರ. ಕಾಯಿ ಒಡೆದು ದಡದಲ್ಲಿ ನೆಟ್ಟೆವು. ಸೇತುವೆ ಏಳುವ ಮೊದಲೇ ಕೊಡಗು ಮೈಸೂರಿಗೆ ಸೇರಿತು, ಮಡಿಕೇರಿಯ ಅಸೆಂಬ್ಲಿ ಮುಚ್ಚಿತು. ರಾಜ್ಯ ಮಾಜಿ, ಮೆಂಬರರು ಮಾಜಿ, ಹೊಳೆಯೊಂದೇ ಹಾಲಿ.

ಮತ್ತೆ ಓಟು

ಹೊಸ ರಾಜ್ಯದ ಚುನಾವಣೆಗೆ ಅದೇ ಜೀಪು, ಅದೇ ಹೊಳೆ. ಅಡಿಗಲ್ಲು ಮಾತ್ರ ದಡದಲ್ಲಿರಲಿಲ್ಲ. ಊರವರು ಅದನ್ನು ಕಿತ್ತು, ಆ ಯುವಕ ಕೊಚ್ಚಿಹೋದ ಜಾಗದಲ್ಲೇ, ಸೆಳವಿನ ಆಚೀಚೆಯ ಎರಡು ಬಂಡೆಗಳ ಮೇಲೆ ಅಡ್ಡ ಹಾಕಿ ದಾಟುತ್ತಿದ್ದರು. ಮೆಂಬರರು ಬಂಡೆಯವರೆಗೆ ಹೋದರು. ಮುಂದೆ ಕಾಲಿಡಬೇಕಾದಲ್ಲಿ ತಮ್ಮದೇ ಹೆಸರು. ಅದನ್ನು ಬಿಟ್ಟು ಉಳಿದಲ್ಲೆಲ್ಲ ಪಾಚಿ. ಎತ್ತಿದ ಕಾಲು ಎತ್ತಿದ ಹಾಗೇ ನಿಂತಿತು.

ಎದುರು ದಡದಲ್ಲಿ ಆ ತಾಯಿ.

"ಹೆಸರಿನ ಮೇಲೇ ಇಡಿ ಮೆಂಬರೇ. ಅಕ್ಷರ ಇದ್ದಲ್ಲಿ ಕಾಲು ಜಾರುದಿಲ್ಲ."

"ಹೇಗೆ ಇಡುದು ಅವ್ವಾ, ನನ್ನ ಹೆಸರು..."

"ತುಳೀರಿ. ನಾವು ದಿನಾ ತುಳಿತೇವೆ. ಏನೂ ಆಗುದಿಲ್ಲ."