ಹಿತ್ತಲ ಗೋಡೆಯ ಗಂಜಿ

ಕಳೆದ ಜೂನ್ ತಿಂಗಳ ಎರಡನೇ ಸೋಮವಾರ ಬೆಳಗ್ಗೆ ಹತ್ತೂ ಇಪ್ಪತ್ತಕ್ಕೆ, ನಾರಾಯಣಪೇಟೆಯ ನೇಕಾರರ ಓಣಿಯ ಬಾಡಿಗೆ ಮನೆಯೊಂದರಲ್ಲಿ, ಅರವತ್ತು ತುಂಬಿದ ಮಹಿಳೆಯೊಬ್ಬರು ಜೀವನದಲ್ಲಿ ಮೊದಲ ಸಲ ಅನ್ನ ಮಾಡಿದರು. ಪ್ರಾಣಹಾನಿ ಸಂಭವಿಸಲಿಲ್ಲ. ಆ ಮಹಿಳೆ ನಾನು. ಗಂಡಸಾಗಿದ್ದರೆ ಇದನ್ನು ಹೇಳಿಕೊಂಡು ಒಂದಿಷ್ಟು ಮೆಚ್ಚುಗೆ ಗಿಟ್ಟಿಸಬಹುದಿತ್ತು. ಹೆಂಗಸೊಬ್ಬಳು ತನಗೆ ಅಡುಗೆ ಬರುವುದಿಲ್ಲ ಎಂದರೆ ಕೇಳಿದವರು ಮೊದಲು ನಗುತ್ತಾರೆ, ಆಮೇಲೆ ನಿಜವೇ ಎಂದು ಮುಖ ನೋಡುತ್ತಾರೆ, ಕೊನೆಗೆ ದನಿ ತಗ್ಗಿಸಿ ಮಾತು ಬದಲಿಸುತ್ತಾರೆ. ನನ್ನ ಕಡೆಯ ವಿವರಣೆ ಸರಳವಾಗಿದೆ. ಚಿಕ್ಕವಳಿದ್ದಾಗ ಅವ್ವ ಹಾಕಿದ್ದು ತಿಂದೆ, ಓದುವಾಗ ಹಾಸ್ಟೆಲ್‌ನದು ತಿಂದೆ, ಆಮೇಲೆ ಹುಬ್ಬಳ್ಳಿಯ ಪತ್ರಿಕಾ ಕಚೇರಿಯ ಕ್ಯಾಂಟೀನಿನದು ತಿಂದೆ. ಮದುವೆಯಾಗಲಿಲ್ಲವಾದ್ದರಿಂದ ಯಾರೂ ನನ್ನ ಕೈಯಡುಗೆ ಕೇಳಲಿಲ್ಲ. ಸುದ್ದಿ ಸಂಪಾದಕಿಯಾಗಿ ಇಡೀ ಜಿಲ್ಲೆಯ ವರದಿಗಳನ್ನು ತಿದ್ದುತ್ತಿದ್ದವಳಿಗೆ ಒಂದು ಲೋಟ ಅಕ್ಕಿಗೆ ಎಷ್ಟು ನೀರು ಎಂಬುದು ತಿಳಿದಿರಲಿಲ್ಲ.

ನಿವೃತ್ತಿಯಾದ ಮೇಲೆ ನಾರಾಯಣಪೇಟೆಯಲ್ಲಿ ಇರುತ್ತೇನೆ ಎಂದಾಗ ಕಚೇರಿಯವರು ಬೀಳ್ಕೊಡುಗೆಗೆ ಪಾಸ್‌ಪೋರ್ಟ್ ಇಡುವ ಚರ್ಮದ ಚೀಲ ಕೊಟ್ಟು ನಕ್ಕರು. ಅವರ ಲೆಕ್ಕದಲ್ಲಿ ಕೃಷ್ಣೆ ದಾಟಿದರೆ ಪರದೇಶ. ಅವರ ಮಾತು ಪೂರ್ತಿ ಸುಳ್ಳಲ್ಲವೆಂದು ಬಂದ ಮೇಲೆ ಗೊತ್ತಾಯಿತು. ಇಲ್ಲಿ ಮಾತು ನಮ್ಮದೇ, ರಾಯಚೂರು ಕಡೆಯದು. ನಡುವೆ ತೆಲುಗು ಬಂದು ಹೋಗುತ್ತದೆ ಅಷ್ಟೇ. ಆದರೆ ಗೋಡೆಯ ಮೇಲೆ, ಬಸ್ಸಿನ ಹಣೆಯ ಮೇಲೆ, ಅಂಗಡಿಯ ಚೀಲಗಳ ಮೇಲೆ ಇರುವ ಅಕ್ಷರ ತೆಲುಗಿನದು, ನನಗೆ ಬಾರದ್ದು. ಮೂವತ್ತಾರು ವರ್ಷ ಓದುವುದನ್ನೇ ಉದ್ಯೋಗ ಮಾಡಿಕೊಂಡವಳು ಒಂದೇ ದಿನದಲ್ಲಿ ನಿರಕ್ಷರಿಯಾದೆ. ರಾಯಚೂರಿನ ದಾರಿಯ ಮಕ್ತಲ್‌ನಲ್ಲಿ ಇಳಿಯಬೇಕಾದವಳು ಬೋರ್ಡು ಓದಲಾಗದೆ ಕೂತೇ ಇದ್ದು, ಜೂರಾಲ ಅಣೆಕಟ್ಟು ನೋಡಿಕೊಂಡು ಗದ್ವಾಲ ತಲುಪಿದ್ದೂ ಉಂಟು. ಅಕ್ಕಿ ಎಂದುಕೊಂಡು ಎರಡು ಕಿಲೋ ನುಚ್ಚು ತಂದದ್ದು ಅದೇ ವಾರ.

ಈ ಊರನ್ನೇ ಏಕೆ ಆರಿಸಿದಿರಿ ಎಂದರೆ, ಇಲ್ಲಿ ನನಗೆ ಒಂದು ಇಡೀ ಮನೆ ಸಿಕ್ಕಿತು. ಹಾಸ್ಟೆಲ್, ಪೇಯಿಂಗ್ ಗೆಸ್ಟ್, ಇಬ್ಬರ ನಡುವೆ ಒಂದು ಕಪಾಟು ಎಂದು ಬಾಳಿದವಳಿಗೆ ನಾನೇ ತೆರೆದು ನಾನೇ ಮುಚ್ಚುವ ಬಾಗಿಲು ಎಂಬುದು ದೊಡ್ಡ ಸಂಗತಿ. ಇದನ್ನು ತಮ್ಮ ವೀರೇಶ ಒಪ್ಪಲಿಲ್ಲ. ಅವನದು ರಾಯಚೂರಿನಲ್ಲಿ ಸೈಕಲ್ ಬಿಡಿಭಾಗದ ಅಂಗಡಿ. ತನ್ನ ಮನೆಯಲ್ಲಿ ನನಗೊಂದು ಕೋಣೆ ಖಾಲಿ ಮಾಡಿಸಿದ್ದ. ಅದರಲ್ಲಿ ಆಗಲೇ ಅವನ ಇನ್ವರ್ಟರ್ ಮತ್ತು ಅವನ ಅತ್ತೆಯ ಹೊಲಿಗೆ ಯಂತ್ರ ಇದ್ದವು. “ಅಕ್ಕಾ, ನಿನಗ ಚಾ ಕಾಸಾಕ ಬರಂಗಿಲ್ಲ, ಒಬ್ಬಾಕಿ ಏನ್ ತಿಂದು ಇರ್ತಿ? ಶ್ರಾವಣದಾಗ ಬರ್ತೀನಿ. ನೀ ಮಾಡಿದ್ದು ಉಣ್ಣತೀನಿ. ಉಣ್ಣಾಕ ಬಂತು, ಇರು. ಬರಲಿಲ್ಲ, ಗಂಟು ಕಟ್ಟು” ಎಂದ. ನಾನು ಒಪ್ಪಿದೆ. ಹಾಗಾಗಿ ಆ ಸೋಮವಾರದ ಅನ್ನ ಬರೀ ಅನ್ನವಾಗಿರಲಿಲ್ಲ. ಬಾಗಿಲು ನನ್ನದಾಗಿ ಉಳಿಯುವುದೂ ಬಿಡುವುದೂ ಅದರ ಮೇಲಿತ್ತು.

ಕುಕ್ಕರಿನ ಸೀಟಿ ಎಂದರೆ ನನಗೆ ಭಯ. ಪಕ್ಕದ ಮನೆಯ ಚೆನ್ನಮ್ಮ, ಎಪ್ಪತ್ತು ದಾಟಿ ಮೊಣಕಾಲು ಸೋತು ಮಗ್ಗ ಬಿಟ್ಟವರು, ಗೋಡೆಯ ಮೇಲಿಂದ ದಾರಿ ಹೇಳಿಕೊಟ್ಟರು. “ನೀರು ಮಸ್ತ್ ಇಡ್ರಿ ಪೇಪರಮ್ಮ, ಕಮ್ಮಿ ಬ್ಯಾಡ. ಕುದಿ ಬಂತಂದ್ರ ಅಕ್ಕಿ ಹಾಕ್ರಿ, ಅಗಳು ಹಿಚುಕಿ ನೋಡ್ರಿ, ಬಸದ್ ಬಿಡ್ರಿ. ಅಷ್ಟ. ಪೇಪರ್ ಛಾಪಿಸೋದಕಿಂತ ಕಷ್ಟ ಏನಿಲ್ಲ.” ಹಾಗೇ ಮಾಡಿದೆ. ಅನ್ನ ಪಾತ್ರೆಯಲ್ಲಿ ಉಳಿಯಿತು, ಬಸಿದ ಗಂಜಿ ಇನ್ನೊಂದರಲ್ಲಿ. ಆ ಗಂಜಿಯನ್ನು ಏನು ಮಾಡುವುದೆಂದು ಚೆನ್ನಮ್ಮ ಹೇಳಿರಲಿಲ್ಲ. ಹಿತ್ತಲ ಗೋಡೆಯಲ್ಲಿ ಒಂದು ಚಪ್ಪಟೆ ಕಲ್ಲು ಚಾಚಿಕೊಂಡಿದೆ. ಅದರ ನಡುವೆ ಪಾತ್ರೆ ಇಟ್ಟಿಟ್ಟು ಸವೆದಂತೆ ದುಂಡಗಿನ ತಗ್ಗು. ನನ್ನ ಪಾತ್ರೆ ಅದರಲ್ಲಿ ಸರಿಯಾಗಿ ಕೂತಿತು. ಆರಲಿ ಎಂದು ಬಿಟ್ಟು ಬಂದು, ಉಂಡು, ಮಲಗಿ, ಮೂರಕ್ಕೆ ಎದ್ದು ನೋಡಿದರೆ ಪಾತ್ರೆ ಖಾಲಿ. ನಾಯಿ ಕುಡಿದಿರಬೇಕು ಎಂದುಕೊಂಡೆ. ಆದರೆ ನಾಯಿ ಪಾತ್ರೆಯನ್ನು ಬೂದಿ ಹಚ್ಚಿ ತಿಕ್ಕಿ, ತೊಳೆದು, ಬೋರಲು ಹಾಕುವುದಿಲ್ಲ.

ಮಂಗಳವಾರವೂ ಹಾಗೇ ಆಯಿತು. ಬುಧವಾರ ನಾನು ಫೋನಿನಲ್ಲಿ ಅಡುಗೆ ಕಲಿಸುವ ಹೆಂಗಸೊಬ್ಬರ ಮಾತು ಕೇಳಿ ಕುದಿಯುವ ನೀರಿಗೆ ಉಪ್ಪು ಹಾಕಿದೆ. ಅಂದು ಗಂಜಿ ಮುಟ್ಟದೆ ಹಾಗೇ ಇತ್ತು. ಗುರುವಾರ ತಳ ಹಿಡಿಯಿತು, ಮುಟ್ಟಿರಲಿಲ್ಲ. ಶುಕ್ರವಾರ ಬೇಯುವ ಮೊದಲೇ ಅವಸರದಲ್ಲಿ ಬಸಿದೆ, ಗಂಜಿ ನೀರಾಗಿತ್ತು. ಮುಟ್ಟಿರಲಿಲ್ಲ, ಸಾಲದ್ದಕ್ಕೆ ಪಾತ್ರೆಯನ್ನು ಕಲ್ಲಿನಿಂದ ಇಳಿಸಿ ನನ್ನ ಹೊಸ್ತಿಲ ಬಳಿ ಇಡಲಾಗಿತ್ತು. ನಾನು ಹಳೆಯ ಅಭ್ಯಾಸದಂತೆ ನೋಟ್‌ಬುಕ್ ತೆಗೆದು ದಿನ, ಹೊತ್ತು, ನೀರು, ಉಪ್ಪು, ಫಲಿತಾಂಶ ಎಂದು ಗೆರೆ ಎಳೆದೆ. ಬರೆಯುತ್ತಾ ಹೋದಂತೆ ಈ ರೀತಿ ಎಲ್ಲೋ ಕಂಡದ್ದು ಎನ್ನಿಸಿತು. ಡೆಸ್ಕಿನಲ್ಲಿ ನಾನು ಮಾಡುತ್ತಿದ್ದುದೂ ಇದೇ. ಒಳ್ಳೆಯ ವರದಿ ಬಂದರೆ ಮಾತಿಲ್ಲದೆ ಅಚ್ಚಿಗೆ ಕಳಿಸುತ್ತಿದ್ದೆ, ಕೆಟ್ಟದ್ದಾದರೆ ಮಾತಿಲ್ಲದೆ ಬರೆದವರ ಮೇಜಿಗೆ. ಕಾರಣ ಬರೆದರೆ ಅವರು ಕಲಿಯುವುದಿಲ್ಲ ಎಂಬುದು ನನ್ನ ಸಿದ್ಧಾಂತವಾಗಿತ್ತು. ಒಮ್ಮೆ ಒಬ್ಬ ಉಪಸಂಪಾದಕಿ ಮೂರನೇ ಸಲ ಹಿಂದಿರುಗಿದ ವರದಿ ಹಿಡಿದು ನನ್ನ ಮುಂದೆ ಅತ್ತೇ ಬಿಟ್ಟಳು. “ಏನು ತಪ್ಪೆಂದಾದರೂ ಹೇಳಿ ಮೇಡಂ” ಎಂದಳು. “ಓದಿ ನೋಡು” ಎಂದಿದ್ದೆ. ಈಗ ಹೊಸ್ತಿಲಲ್ಲಿ ನಿಂತು ನೀರುಗಂಜಿ ನೋಡುತ್ತಾ ಆಕೆಯ ಹೆಸರು ನೆನಪಿಸಿಕೊಳ್ಳಲು ಯತ್ನಿಸಿದೆ. ನೆನಪಾಗಲಿಲ್ಲ.

ಆದರೂ ನನ್ನ ಸಿದ್ಧಾಂತದಲ್ಲಿ ಹುರುಳಿತ್ತೆಂದು ಒಪ್ಪಬೇಕು. ಮೂರು ವಾರಕ್ಕೆ ನನ್ನ ಅನ್ನ ಅಗಳು ಅಗಳಾಗಿ ಬಿಡಿಯಾಯಿತು. ಪಾತ್ರೆ ದಿನವೂ ತೊಳೆದು ಬೋರಲಾಗಿ ಸಿಗತೊಡಗಿತು. ಆಗ ಚೆನ್ನಮ್ಮನವರನ್ನು ಕೇಳಿದೆ, ಗಂಜಿ ಒಯ್ಯುವವರು ನೀವೇನಾ ಎಂದು.

“ನಾ ಯಾಕ ಒಯ್ಯಲಿ? ನನ್ನ ಮಗ್ಗ ಬಂದಾಗಿ ಭಾಳ ದಿನ ಆತು” ಎಂದರು. ಆಮೇಲೆ ತಡೆದು, “ಆ ಕಲ್ಲಿನ ಮ್ಯಾಲೆ ಇಡ್ತೀರೇನು?” ಎಂದರು.

“ಹೌದ್ರಿ.”

“ಅದು ಬಸಮ್ಮನ ಕಲ್ಲು” ಎಂದರು ಚೆನ್ನಮ್ಮ. ನನ್ನ ಹಿತ್ತಲಿಗೆ ಬೆನ್ನು ಕೊಟ್ಟು ಒಂದು ಮಗ್ಗದ ಕೋಣೆ ಇದೆ. ಅದು ಬಸಮ್ಮನದು. ಹತ್ತಿ ಸೀರೆಯ ಹಾಸಿನ ಎಳೆಗೆ, ಅಂದರೆ ಮಗ್ಗದ ಉದ್ದಕ್ಕೆ ಬಿಗಿಯುವ ನೂಲಿಗೆ, ಗಂಜಿ ಹಚ್ಚಿ ಬಿಗಿ ಮಾಡದಿದ್ದರೆ ನೇಯುವಾಗ ಹರಿಯುತ್ತದಂತೆ. ಅದಕ್ಕೆ ಸುತ್ತಲಿನ ಮನೆಯವರು ದಿನಾ ಬಸಿದ ಗಂಜಿಯನ್ನು ಆ ಕಲ್ಲಿನ ಮೇಲೆ ಇಡುತ್ತಿದ್ದರು. ಆಕೆ ಒಯ್ದು, ಪಾತ್ರೆ ತೊಳೆದಿಟ್ಟು ಹೋಗುತ್ತಿದ್ದಳು. “ಭಾಳ ಖಡಕ್ ಹೆಣಮಗಳು. ಉಪ್ಪಿನ ಗಂಜಿ ಇಟ್ರ ಮುಟ್ಟುತಿದ್ದಿಲ್ಲ. ಉಪ್ಪು ಬಿದ್ರ ಎಳಿ ಹಸಿ ಹಿಡಿತೈತಿ ಅಂತಿದ್ಲು. ನೀರಾಗಿತ್ತಂದ್ರ ಬಾಗಿಲಿಗೆ ತಂದ್ ಇಡುತಿದ್ಲು, ಮೊಕದ ಮ್ಯಾಲೆ ಹೊಡದಂಗ.”

“ಈಗ ಎಲ್ಲಿದ್ದಾರೆ?”

“ಸತ್ತು ಎರಡು ವರ್ಷ ಆತು. ಮಕ್ಕಳು ಗದ್ವಾಲಕ ಹೋಗ್ಯಾರ. ಬೀಗದ ಕೈ ಅವರ ಕಡೇನ ಐತಿ.”

ಚೆನ್ನಮ್ಮ ಸೊಪ್ಪು ಸೋಸುತ್ತಲೇ, “ಪರೇಶಾನ್ ಆಗಬ್ಯಾಡ್ರಿ. ಉಪ್ಪು ಹಾಕಬ್ಯಾಡ್ರಿ, ಅಷ್ಟ” ಎಂದರು.

ಪತ್ರಕರ್ತೆಯಾದವಳು ಸ್ಥಳಕ್ಕೆ ಹೋಗಿ ನೋಡಲೇಬೇಕು. ಮರುದಿನ ಮಟಮಟ ಮಧ್ಯಾಹ್ನ ಹೋಗಿ ನೋಡಿದೆ. ಬೀಗ ತುಕ್ಕು ಹಿಡಿದಿತ್ತು. ಬೀಗದಿಂದ ಚೌಕಟ್ಟಿಗೆ ಜೇಡರ ಬಲೆ ಇತ್ತು, ಹರಿದಿರಲಿಲ್ಲ. ಬಾಗಿಲ ಕೆಳಗಿನ ಸಂದಿಯಿಂದ ಬಿಳಿ ಹತ್ತಿಯ ಎಳೆಯೊಂದರ ತುದಿ ಹೊರಗೆ ಬಂದಿತ್ತು. ಮುಟ್ಟಿದೆ. ಗಂಜಿ ಹಚ್ಚಿದ ಎಳೆ; ಇನ್ನೂ ಒದ್ದೆಯಿತ್ತು. ಮನೆಗೆ ಬಂದು ಇಷ್ಟನ್ನೂ ಬರೆದು, ಕೊನೆಯ ವಾಕ್ಯವನ್ನು ಹೊಡೆದುಹಾಕಿದೆ, ಒಬ್ಬರೇ ಸಾಕ್ಷಿ ಎಂಬ ಕಾರಣಕ್ಕೆ. ಆಮೇಲೆ ಮತ್ತೆ ಬರೆದೆ, ಆ ಸಾಕ್ಷಿ ನಾನೇ ಎಂಬ ಕಾರಣಕ್ಕೆ.

ಇಲ್ಲಿ ಓದುಗರು ಕೇಳಬಹುದು: ಹಿತ್ತಲಲ್ಲಿ ಕೂತು ಕಾಯ್ದು ನೋಡಬಾರದಿತ್ತೆ? ಮೂಲ ಖಚಿತವಾಗದೆ ಒಂದು ಸಾಲನ್ನೂ ಅಚ್ಚಿಗೆ ಬಿಟ್ಟವಳಲ್ಲ ನಾನು. ಆದರೆ ಈ ಸುದ್ದಿಯ ಮೂಲ ಹುಡುಕಲು ಹೋಗಲಿಲ್ಲ. ಬಂದು ಒಯ್ಯುವವರು ಯಾರೋ ಓಣಿಯ ಹೆಂಗಸಾದರೆ ಸಂತೋಷ. ಯಾರೂ ಬರದೆಯೇ ಪಾತ್ರೆ ಖಾಲಿಯಾಗುವುದು ಕಣ್ಣಿಗೆ ಬಿದ್ದರೆ ನಾನು ಈ ಮನೆ ಬಿಡಬೇಕಾಗುತ್ತದೆ, ಇನ್ವರ್ಟರ್ ಪಕ್ಕ ಮಲಗಬೇಕಾಗುತ್ತದೆ. ಎರಡರಲ್ಲಿ ಯಾವುದು ಹೆಚ್ಚು ಭಯ ಎಂದು ತೂಗಿ ನೋಡಿದೆ. ಮಧ್ಯಾಹ್ನದ ನಿದ್ದೆಯನ್ನು ಒಂದು ಗಂಟೆ ಹೆಚ್ಚಿಸಿದೆ.

ಶ್ರಾವಣದ ಒಂದು ಭಾನುವಾರ ವೀರೇಶ ಬಂದ. ಅನ್ನ, ತೊಗರಿ ಬೇಳೆ ಸಾರು, ಬದನೆಕಾಯಿ ಪಲ್ಯ. ಮೊದಲ ತುತ್ತಿಗೆ ಅವನ ಮುಖ ನೋಡುತ್ತಿದ್ದೆ. ಅವನು ಎರಡನೇ ಸಲ ಅನ್ನ ಹಾಕಿಸಿಕೊಂಡ, ಮೂರನೇ ಸಲವೂ. “ಅಕ್ಕಾ, ಅನ್ನ ಭಾಳ ಛಲೋ ಆಗೈತಿ. ನಮ್ಮನ್ಯಾಗ ಹಿಂಗ ಉದರುದರು ಆಗಂಗಿಲ್ಲ. ನನ್ನ ಹೆಂಡ್ತಿ ಮುಂದ ಹೇಳಬ್ಯಾಡ” ಎಂದ. ನಾನು ಗೆದ್ದಿದ್ದೆ. ಕೈ ತೊಳೆಯಲು ಅವನು ಹಿತ್ತಲಿಗೆ ಹೋಗದಿದ್ದರೆ ಈ ಬರಹ ಇಲ್ಲಿಗೇ ಮುಗಿಯುತ್ತಿತ್ತು.

“ಇದೇನಕ್ಕಾ, ಗಂಜಿ ಇಲ್ಲಿ ಯಾಕ ಇಟ್ಟೀದಿ? ಯಾರಿಗೆ?”

ನಾನು ಬಾಯಿ ತೆರೆಯುವಷ್ಟರಲ್ಲಿ ಗೋಡೆಯಾಚೆಯಿಂದ ಚೆನ್ನಮ್ಮ, “ಅದು ಬಸಮ್ಮಗ ತಮ್ಮಾ” ಎಂದರು. ಯಾವ ಬಸಮ್ಮ ಎಂದು ಅವನು ಕೇಳಿದ. ಅವರು ಸಾವು, ಬೀಗ, ಗದ್ವಾಲ ಎಲ್ಲವನ್ನೂ ಅನುಕ್ರಮವಾಗಿ ಹೇಳಿದರು. ನನ್ನ ಡೆಸ್ಕಿನಲ್ಲಿ ಅಷ್ಟು ಚೊಕ್ಕ ವರದಿ ಕೊಟ್ಟವರು ಕಡಿಮೆ.

ವೀರೇಶ ಕಲ್ಲಿನಿಂದ ಎರಡು ಹೆಜ್ಜೆ ಹಿಂದೆ ಸರಿದ. “ಈಗಿಂದೀಗ ಗಂಟು ಕಟ್ಟು. ಸತ್ತಾಕಿಗೆ ದಿನಾ ಗಂಜಿ ಇಡ್ತಿಯೇನು ನೀ?”

“ಉಣ್ಣಾಕ ಬಂದ್ರ ಇರು ಅಂದಿದ್ದಿ” ಎಂದೆ.

“ಅನ್ನದ ಮಾತು ಅದು. ಇದು ಬ್ಯಾರೆ.”

ಅರ್ಧ ಗಂಟೆ ಜಗ್ಗಾಡಿದೆವು. ಕೊನೆಗೆ ಅವನು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕಲ್ಲಿನ ಎದುರು ಕೂತ. “ನಾನ ಕುಂದರತೀನಿ. ಯಾರರ ಮನಷ್ಯಾರು ಬಂದು ಒಯ್ದ್ರ ಇರು. ಯಾರೂ ಒಯ್ಯಲಿಲ್ಲ ಅಂದ್ರೂ ಇರು, ಎಲ್ಲಾ ಈ ಮುದುಕಿ ಕಟ್ಟಿದ ಕಥಿ ಅಂತ ತಿಳಕೋತೀನಿ. ತಾನ ಖಾಲಿ ಆತಂದ್ರ ಮಾತ್ರ ಇವತ್ತ ನನ್ನ ಸಂಗಾಟ ನಡಿ” ಎಂದ. “ಮುದುಕಿ ನಿಮ್ಮವ್ವ” ಎಂದರು ಗೋಡೆಯಾಚೆಯಿಂದ ಚೆನ್ನಮ್ಮ.

ಒಂದೂಕಾಲಿನಿಂದ ನಾಲ್ಕೂವರೆಯವರೆಗೆ ಅವನು ಕೂತಿದ್ದ. ನಾನು ಒಳಗೆ ಪತ್ರಿಕೆ ಹಿಡಿದು ಒಂದೇ ಸಾಲನ್ನು ಓದುತ್ತಿದ್ದೆ. ಮೂರಕ್ಕೆ ಅವನಿಗೆ ಚಹಾ ಕೊಡುವಾಗ ನೋಡಿದೆ: ಗಂಜಿ ಇಟ್ಟಷ್ಟೂ ಇತ್ತು, ಮೇಲೆ ಕೆನೆ ಕಟ್ಟಿತ್ತು. ನನಗೆ ಸಮಾಧಾನವಾಗಬೇಕಿತ್ತು. ಆಗಿದ್ದು ಬೇರೆ. ಇಂದಿನ ಅನ್ನದಲ್ಲಿ ಏನು ತಪ್ಪಾಗಿರಬಹುದು ಎಂದು ಯೋಚಿಸತೊಡಗಿದೆ.

ನಾಲ್ಕೂವರೆಗೆ ವೀರೇಶ ಎದ್ದು ಸೊಂಟ ಹಿಡಿದುಕೊಂಡ. “ನೋಡಿದಿ? ಎಲ್ಲಾ ಸುಳ್ಳು” ಎಂದ. ಮಕ್ತಲ್ ಬಸ್ಸಿಗೆ ಅವನನ್ನು ಹತ್ತಿಸಿದೆ. ಬೋರ್ಡು ಅವನೂ ಓದಲಾರ, ಕಂಡಕ್ಟರನನ್ನು ಎರಡು ಸಲ ಕೇಳಿದ. ಬಸ್ಸು ಹೊರಟ ಮೇಲೆ ಅರ್ಧ ಕಿಲೋ ಬೇಳೆ ತೆಗೆದುಕೊಂಡು ಐದೂ ನಲವತ್ತಕ್ಕೆ ಮನೆಗೆ ಬಂದೆ. ಮುಂಬಾಗಿಲ ಬೀಗ ನಾನು ಹಾಕಿದಂತೆಯೇ ಇತ್ತು. ಹಿತ್ತಲಿಗೆ ಹೋದೆ. ಪಾತ್ರೆ ತೊಳೆದು ಕಲ್ಲಿನ ಮೇಲೆ ಬೋರಲು ಹಾಕಲಾಗಿತ್ತು. ವೀರೇಶ ಕೂತಿದ್ದ ಪ್ಲಾಸ್ಟಿಕ್ ಕುರ್ಚಿಯನ್ನೂ ತೊಳೆದು ಬೋರಲು ಹಾಕಲಾಗಿತ್ತು.

ಮನೆ ಮುಟ್ಟಿದ ವೀರೇಶ ಎಂಟಕ್ಕೆ ಫೋನ್ ಮಾಡಿದ. “ಗಂಜಿ ಹಂಗ ಐತಿಲ್ಲೋ?” ಎಂದು ಕೇಳಿದ.

“ಹಂಗ ಐತಪಾ. ಕೆನಿ ಇನ್ನಷ್ಟು ದಪ್ಪ ಆಗೈತಿ” ಎಂದೆ.

ಮೂವತ್ತಾರು ವರ್ಷದ ವೃತ್ತಿಯಲ್ಲಿ ನಾನು ಗೊತ್ತಿದ್ದೂ ಕೊಟ್ಟ ಮೊದಲ ತಪ್ಪು ವರದಿ ಇದು. ತಿದ್ದುಪಡಿ ಈವರೆಗೆ ಪ್ರಕಟವಾಗಿಲ್ಲ. ವೀರೇಶ ನಾನು ಬರೆದದ್ದನ್ನು ಇಂದಿನವರೆಗೂ ಓದಿದವನಲ್ಲ. ಆ ಧೈರ್ಯದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಇಂದು ಗುರುವಾರ. ಅನ್ನ ಹತ್ತಕ್ಕೆ ಆಯಿತು, ಉಪ್ಪು ಹಾಕಿಲ್ಲ. ಈ ಸಾಲು ಬರೆಯುವಾಗ ಹನ್ನೊಂದೂವರೆ. ಐದು ನಿಮಿಷದ ಹಿಂದೆ ನೋಡಿದಾಗ ಗಂಜಿ ಕಲ್ಲಿನ ಮೇಲೆಯೇ ಇತ್ತು. ಹಿತ್ತಲ ಬಾಗಿಲನ್ನು ಒಳಗಿನಿಂದ ಹಾಕಿಕೊಂಡಿದ್ದೇನೆ, ಮೂರರವರೆಗೆ ತೆರೆಯುವುದಿಲ್ಲ.