ಡಾಕ್ಟ್ರಮ್ಮನ ಮುಂದೆ ಒಂದು ಚಾಡಿ

ಗಂಡನ ಮೇಲೆ ಚಾಡಿ ಹೇಳುವುದಕ್ಕೆಂದೇ ಸರ್ವಮಂಗಳಮ್ಮ ಅಂದು ಅವರನ್ನೂ ಎಳೆದುಕೊಂಡು ಹರಿಹರದಿಂದ ದಾವಣಗೆರೆಯ ಡಾಕ್ಟರ ಬಳಿಗೆ ಬಸ್ಸು ಹತ್ತಿದ್ದರು.

ಪರಮೇಶ್ವರಪ್ಪನವರ ಕಿಡ್ನಿ ಸೋತಿದೆ, ಬಿಪಿ ಬೇರೆ ಇದೆ, ಉಪ್ಪು ಕಮ್ಮಿ ಮಾಡಿ ಎಂದು ಡಾಕ್ಟರು ಹೇಳಿದ ದಿನವೇ ಆಕೆ ಮನೆಯಲ್ಲಿ ಉಪ್ಪಿನ ಸತ್ಯಾಗ್ರಹ ಹೂಡಿದ್ದರು. ಉಪ್ಪಿನಕಾಯಿ ಜಾಡಿ ಪಕ್ಕದ ಮನೆಗೆ ಗಡೀಪಾರು. ಹಪ್ಪಳ ಸಂಡಿಗೆಗೆ ಅಟ್ಟದ ಮೇಲೆ ಅಜ್ಞಾತವಾಸ. ಸಾರು ಹೇಗಿರುತ್ತಿತ್ತೆಂದರೆ, ಬೀದಿ ಬೆಕ್ಕು ಕೂಡ ಮೂಸಿ ನೋಡಿ, ಮನೆಯವರಿಗೆ ಏನೋ ಕಷ್ಟ ಬಂದಿದೆ ಎಂದುಕೊಂಡು ಹೊರಟುಹೋಗುತ್ತಿತ್ತು. ಇಷ್ಟಾದರೂ ಮೂರೇ ತಿಂಗಳಲ್ಲಿ, ಕಿಡ್ನಿ ಎಷ್ಟು ಸೋತಿದೆಯೆಂದು ರಕ್ತದಲ್ಲಿ ತೋರಿಸುವ ಕ್ರಿಯೇಟಿನಿನ್ ಒಂದೂವರೆಯಿಂದ ಎರಡಕ್ಕೆ ಏರಿತ್ತು. ಹೀಗೇ ಏರಿದರೆ ಡಯಾಲಿಸಿಸ್ಸೇ ಗತಿ ಎಂದು ನೆಂಟರು ಹೆದರಿಸಿದ್ದರು. (ಹೆದರಿಸುವುದಕ್ಕೆ ನೆಂಟರು ಬೇಕೇ ಬೇಕು.)

“ಬಸ್‌ಸ್ಟ್ಯಾಂಡ್ ಹತ್ರ ಕದ್ದು ಮಂಡಕ್ಕಿ ಮಿರ್ಚಿ ತಿಂತಾರ್ರಿ ಡಾಕ್ಟ್ರಮ್ಮ! ಸರಿಯಾಗಿ ಬೈರಿ.”

“ಲೇ, ಯುಗಾದಿ ಆದ್ಮ್ಯಾಲೆ ಮಿರ್ಚಿ ಮುಖ ನೋಡಿಲ್ಲ ನಾನು!”

“ಮತ್ತೆ ಹೆಂಗೆ ಏರ್ತು? ನಿಮ್ಮ ವಯಸ್ಸಿನ ಥರ ತಾನಾಗೇ ಏರ್ತಾ?”

ಡಾಕ್ಟರ್ ಬಿಲ್ಕೀಸ್ ಕಾಗದಗಳಿಂದ ತಲೆ ಎತ್ತಿದರು. “ಬಿಪಿ ಹದವಾಗಿ ಐತೆ, ಶುಗರ್ ಇಲ್ಲ. ಯಜಮಾನ್ರೇ, ಬೇರೆ ಏನಾದ್ರೂ ಮಾತ್ರೆ ತಗಂತೀರಾ? ಮಂಡಿನೋವು, ಸೊಂಟನೋವು ಅಂತ?”

ಸರ್ವಮಂಗಳಮ್ಮನ ಮುಖ ಅರಳಿತು. ಕೊನೆಗೂ ಯಾರೋ ತಮ್ಮ ಸೇವೆಯನ್ನು ವಿಚಾರಿಸಿದರಲ್ಲ!

“ಅವರಿಗೆಲ್ಲಿ ನೆನಪಿರ್ತೈತ್ರಿ, ನಾನೇ ಕೊಡ್ತೀನಿ. ಬೆಳಿಗ್ಗೆ ಒಂದು, ಸಂಜಿಗೆ ಒಂದು. ಒಂದು ದಿನ ತಪ್ಸಿಲ್ಲ.” ಚೀಲದಿಂದ ಮಾತ್ರೆಯ ಹಾಳೆ ಹೊರಬಂತು. “ನನ್ನ ಮಂಡಿಗೆ ಅಂತ ಮೆಡಿಕಲ್ ಶಾಪಿನೋರು ಕೊಟ್ಟಿದ್ದು. ನಾಕು ವರ್ಷದಿಂದ ನುಂಗ್ತಿದೀನಿ. ಮೂರು ತಿಂಗಳ ಹಿಂದೆ ಇವರೂ ಮಂಡಿ ಹಿಡ್ಕಂಡ್ರು. ಗಂಡ ಹೆಂಡ್ತಿ ಅಂದ್ಮ್ಯಾಲೆ ಹಂಚ್ಕಂಡು ತಿನ್ಬೇಕಲ್ರಿ?”

ಡಾಕ್ಟರ್ ಹಣೆಗೆ ಕೈ ಹಚ್ಚಿದರು. “ಅಮ್ಮಾ, ಸೋತ ಕಿಡ್ನಿಗೆ ಈ ನೋವಿನ ಮಾತ್ರೆನೇ ಹಗೆ. ಇವತ್ತಿಂದ ಬಂದ್ ಮಾಡ್ರಿ. ಬೇಗ ಗೊತ್ತಾತು, ಪುಣ್ಯ. ಏರಿದ್ದು ಇಳಿಯೋ ಆಸೆ ಐತೆ.”

ಪರಮೇಶ್ವರಪ್ಪ ಕುರ್ಚಿಯಲ್ಲಿ ನೆಟ್ಟಗೆ ಕುಳಿತರು. ಮದುವೆಯಾದಂದಿನಿಂದ ಅವರು ಹಾಗೆ ಕುಳಿತಿದ್ದನ್ನು ಯಾರೂ ಕಂಡಿರಲಿಲ್ಲ.

“ನಾಕು ವರ್ಷ ಅಂದ್ರಲ್ಲ, ಈ ಮಾತ್ರೆ ಬಿಪಿನೂ ಏರಿಸ್ತೈತೆ. ನೀವೂ ಕೈ ಚಾಚ್ರಿ,” ಎಂದು ಡಾಕ್ಟರ್ ಸರ್ವಮಂಗಳಮ್ಮನ ತೋಳಿಗೆ ಬಿಪಿ ಪಟ್ಟಿ ಸುತ್ತಿದರು. ನೂರಾ ಎಪ್ಪತ್ತು! ರಕ್ತ, ಮೂತ್ರ ಎರಡಕ್ಕೂ ಚೀಟಿ ಬಂತು.

ಲ್ಯಾಬಿನ ಹುಡುಗಿ ಇಬ್ಬರನ್ನೂ ನೋಡಿ, “ಪೇಷಂಟ್ ಯಾರ್ರಿ?” ಎಂದಳು.

ಪರಮೇಶ್ವರಪ್ಪ ಮೀಸೆ ತೀಡಿಕೊಂಡು, ಎರಡು ಹೆಜ್ಜೆ ಹಿಂದೆ ಸರಿದರು.

“ಇವರೇ ಕಣಮ್ಮ. ನಾನು ಸುಮ್ನೆ ಜೊತೆಗೆ ಬಂದೋನು.”