ಏಳನೇ ಹಾಡು ಮತ್ತು ನಮ್ಮಮ್ಮ

ಮದುವೆ ಹಾಲಿನಲ್ಲಿ ಕೆಲಸಕ್ಕಿದ್ದವರಿಗೆ ಇಂಥ ಫಜೀತಿಗಳು ವಾರಕ್ಕೊಂದಾದರೂ ಆಗುತ್ತಲೇ ಇರುತ್ತವೆ. ಕೇಳಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನನಗೆ ಮಾತ್ರ ನೋಡಿ ನೋಡಿ ಸುಸ್ತಾಗಿದೆ.

ಈ ಕಾಂಗರೂ ದೇಶಕ್ಕೆ ಬಂದು ಕ್ಲೇಟನ್ನಿನಲ್ಲಿ ಅಕೌಂಟಿಂಗ್ ಓದಿ, ಇಲ್ಲೇ ಕಾಯಂ ನೆಲೆಸಲು ಬೇಕಾದ ಪಿಆರ್‌ಗೆ ಅರ್ಜಿ ಹಾಕಿದ್ದೆ. ಅದು ಬರುವವರೆಗೆ ಅಂದುಕೊಂಡು ಡಾಕ್‌ಲ್ಯಾಂಡ್ಸ್‌ನ ಒಂದು ಮದುವೆ ಹಾಲಿಗೆ ಸೇರಿದೆ. ಪಿಆರ್ ಬಂತು, ನಾನು ಅಲ್ಲೇ ಉಳಿದೆ. ಹಾಲ್ ನಡೆಸುತ್ತಿದ್ದವರು ಜಪಾನಿನ ಒಬ್ಬ ಹೆಂಗಸು. ಇಲ್ಲಿ ಎಲ್ಲರೂ ಬಾಸನ್ನು ಹೆಸರು ಹಿಡಿದೇ ಕರೆಯುತ್ತಾರೆ. ನನಗೆ ನಾಲಿಗೆ ಏಳಲಿಲ್ಲ, ಮೇಡಂ ಅಂದೆ, ಅದೇ ನಿಂತಿತು.

ಜಪಾನಿನಿಂದ ಇಲ್ಲಿಗೆ ಮದುವೆಯಾಗಲೆಂದೇ ಇಪ್ಪತ್ತು ಮೂವತ್ತು ಜನ ವಿಮಾನ ಹತ್ತಿ ಬರುತ್ತಿದ್ದರು. ಅವರಲ್ಲಿ ಒಂದು ಪದ್ಧತಿ ಇದೆ. ಊಟ ಮುಗಿದ ಮೇಲೆ ಮದುಮಗಳು ಎದ್ದು ನಿಂತು, ಸಾಕಿ ಬೆಳೆಸಿದ್ದಕ್ಕೆ ಥ್ಯಾಂಕ್ಸ್ ಅಂತ ಅಪ್ಪ ಅಮ್ಮನಿಗೆ ಬರೆದ ಕಾಗದ ಓದುತ್ತಾಳೆ. ಹಿನ್ನೆಲೆಯಲ್ಲಿ ಅದಕ್ಕೆ ತಕ್ಕ ಹಾಡು. ಅಮ್ಮ ಬೆಳಗಿನ ಜಾವ ಎದ್ದು ಕಟ್ಟಿಕೊಟ್ಟ ಊಟದ ಡಬ್ಬಿ, ಮಾತೇ ಆಡದ ಅಪ್ಪ ಸ್ಟೇಷನ್ನಿನವರೆಗೂ ಬಂದು ನಿಂತದ್ದು, ಹಾಡಿನಲ್ಲಿ ಎಲ್ಲ ಇಂಥವೇ ಸಾಲುಗಳು ಎಂದು ಮೇಡಂ ಅರ್ಥ ಹೇಳಿದ್ದರು. ಆಮೇಲೆ ಹೂವಿನ ಗುಚ್ಛ ಕೊಡುವುದು, ಎಲ್ಲರೂ ಅಳುವುದು. ಅಂಥ ಹಾಡುಗಳು ಅವರಲ್ಲಿ ರಾಶಿ ಇವೆಯಂತೆ. ನಮ್ಮ ಸಿ.ಡಿ.ಯಲ್ಲಿ ಅದು ಏಳನೆಯದು. ಅದರ ಗುಂಡಿ ಒತ್ತುವುದು, ಟಿಶ್ಯೂ ಡಬ್ಬಿ ಹಂಚುವುದು ನನ್ನ ಕೆಲಸ. ಊರಿನವರ ಮಕ್ಕಳೆಲ್ಲ ನನ್ನ ಕೈಯಿಂದ ಗುಂಡಿ ಒತ್ತಿಸಿಕೊಂಡು ಥ್ಯಾಂಕ್ಸ್ ಹೇಳಿದರು. ನಾನು ಮಾತ್ರ ನಮ್ಮಮ್ಮನಿಗೆ ಒಂದು ಸಲವೂ ಹೇಳಿರಲಿಲ್ಲ. ಆ ಕಥೆ ಕೊನೆಗೆ ಬರುತ್ತದೆ.

ಊಟಕ್ಕೆ ಮುಂಚೆ

ಕೆಲಸಕ್ಕೆ ಸೇರಿದ ಮೊದಲ ಶನಿವಾರ. ಕೇಕ್ ಕತ್ತರಿಸುವಾಗ ಎರಡನೇ ಹಾಡು ಹಾಕಬೇಕಿತ್ತು. ಗಾಬರಿಯಲ್ಲಿ ಏಳನೆಯದನ್ನು ಒತ್ತಿಬಿಟ್ಟೆ.

ಜಪಾನಿನವರು ಹಿಂದಿನ ದಿನವೇ ಎಲ್ಲವನ್ನೂ ಅಭ್ಯಾಸ ಮಾಡಿಕೊಂಡಿರುತ್ತಾರೆ. ಹಾಡು ಕೇಳಿದ್ದೇ ತಡ, ಎರಡೂ ಕಡೆಯ ಅಪ್ಪ ಅಮ್ಮಂದಿರು ಎದ್ದು ಹೋಗಿ ಗೋಡೆಗೆ ಸಾಲಾಗಿ ನಿಂತರು. ಮದುಮಗಳು ಚಾಕು ಹಿಡಿದುಕೊಂಡೇ ಬಿಕ್ಕಲು ಶುರು ಮಾಡಿದಳು. ಕಾಗದ ಓದಿದ ಮೇಲೆ ಗಂಡಿನ ತಂದೆ ಎರಡು ಮಾತಾಡಿ ಬಂದವರನ್ನು ಬೀಳ್ಕೊಡಬೇಕು. ಅವರು ಕಾಗದಕ್ಕೂ ಕಾಯಲಿಲ್ಲ, ಮೈಕ್ ಹಿಡಿದು, ಇಷ್ಟು ದೂರ ಬಂದಿರಿ, ಎಚ್ಚರಿಕೆಯಿಂದ ಮನೆ ಸೇರಿಕೊಳ್ಳಿ ಅಂದೇಬಿಟ್ಟರು. ನೆಂಟರು ಪಾಪ, ಬ್ಯಾಗು ಎತ್ತಿಕೊಂಡು ಬಾಗಿಲ ಕಡೆ ಹೊರಟರು. ಒಳಗೆ ಅಡುಗೆಯವನು ಮೀನಿನ ತಟ್ಟೆಗಳನ್ನು ಜೋಡಿಸಿಕೊಂಡು ಬಾಯಿ ಬಿಟ್ಟು ನಿಂತಿದ್ದ.

ಕೆಲಸ ಹೋಯಿತು ಅಂದುಕೊಂಡೆ. ಮೇಡಂ ಬಾಗಿಲಿಗೆ ಅಡ್ಡ ನಿಂತು ಎಲ್ಲರಿಗೂ ಬಗ್ಗಿ ಬಗ್ಗಿ ನಮಸ್ಕಾರ ಮಾಡಿ ವಾಪಸು ಕೂರಿಸಿದರು. ಆಮೇಲೆ ನನ್ನ ಹತ್ತಿರ ಬಂದು ತಣ್ಣಗೆ ಹೇಳಿದರು, "ಪರವಾಗಿಲ್ಲ. ಊಟ ಆದಮೇಲೆ ಎಲ್ಲರನ್ನೂ ಇನ್ನೊಂದು ಸಲ ಅಳಿಸು."

ಸೌಂಡು ಸರಿ ಇಲ್ಲ

ಒಮ್ಮೆ ಸಿಡ್ನಿಯಲ್ಲಿ ಮದುವೆ. ನೀರಿನ ಪಕ್ಕದ ಹುಲ್ಲುಹಾಸಿನ ಮೇಲೆ ಶಾಮಿಯಾನ. ಸ್ಪೀಕರು, ಸಿ.ಡಿ. ಸಮೇತ ಮೇಡಂ ನನ್ನನ್ನೂ ಹೊರಡಿಸಿಕೊಂಡು ಹೋಗಿದ್ದರು. ಮದುಮಗಳು ಮೊದಲೇ ಹೇಳಿದ್ದಳು, "ನಮ್ಮಪ್ಪ ಅಳುವುದಿಲ್ಲ. ಅಜ್ಜಿ ಸತ್ತಾಗಲೂ ಅಳಲಿಲ್ಲ. ಟಿಶ್ಯೂ ಅಮ್ಮನಿಗೆ ಮಾತ್ರ ಕೊಡಿ."

ಹಾಗೇ ಆಯಿತು. ಹಾಡು ಮುಗಿಯುವವರೆಗೆ ಆ ಮನುಷ್ಯ ಬ್ಯಾಂಕಿನ ಕ್ಯೂನಲ್ಲಿ ನಿಂತವರಂತೆ ನಿಂತಿದ್ದರು. ಹೂವು ತೆಗೆದುಕೊಂಡರು, ಹೆಂಡತಿಗೆ ದಾಟಿಸಿದರು. ನೆಂಟರೆಲ್ಲ ವಾಪಸು ಕರೆದೊಯ್ಯಲು ದಡದಲ್ಲಿ ಕಾಯುತ್ತಿದ್ದ ದೋಣಿಯ ಕಡೆ ಹೋಗುತ್ತಿದ್ದಾಗ ಅವರೊಬ್ಬರೇ ನನ್ನ ಮೇಜಿನ ಹತ್ತಿರ ಬಂದು ಸ್ಪೀಕರು ತೋರಿಸಿ, "ಸೌಂಡು ಸರಿ ಇರಲಿಲ್ಲ. ಇನ್ನೊಮ್ಮೆ ಹಾಕು" ಅಂದರು. ಹಾಕಿದೆ. ನನಗೆ ಬೆನ್ನು ಮಾಡಿ ಸ್ಪೀಕರಿಗೆ ಮುಖ ಕೊಟ್ಟು ನಿಂತು ಕೇಳಿದರು. "ಈಗಲೂ ಸರಿ ಇಲ್ಲ." ಮತ್ತೆ ಹಾಕಿದೆ. ಅವರ ಹೆಗಲು ಅಲುಗಾಡುತ್ತಿತ್ತು. ನಾಲ್ಕನೇ ಸಲಕ್ಕೆ ದೋಣಿಯವನು ಹಾರ್ನ್ ಬಾರಿಸತೊಡಗಿದ.

ಹೋಗುವಾಗ ಆ ಮಹಾನುಭಾವರು ಒಂದು ಟಿಶ್ಯೂ ಡಬ್ಬಿಯನ್ನು ಪೂರ್ತಿ ಖಾಲಿ ಮಾಡಿ ಮೇಜಿನ ಮೇಲಿಟ್ಟು, ಮೇಡಂಗೆ ಬಹಳ ಗಂಭೀರವಾಗಿ, "ನಿಮ್ಮ ಸ್ಪೀಕರಿನಲ್ಲಿ ಧೂಳು ಜಾಸ್ತಿ" ಎಂದು ಕಂಪ್ಲೇಂಟ್ ಮಾಡಿ ಹೋದರು.

ಅಂಕಲ್ ಬರೆದ ಕಾಗದ

ಇದನ್ನೆಲ್ಲ ನಾನು ಸುಮ್ಮನಿರಲಾರದೆ ಇಲ್ಲೇ ಡ್ಯಾಂಡಿನಾಂಗಿನಲ್ಲಿರುವ ಕನ್ನಡದ ಅಂಕಲ್ ಒಬ್ಬರಿಗೆ ಹೇಳಿದ್ದೇ ತಪ್ಪಾಯಿತು. ಅವರ ಮಗಳ ಇಪ್ಪತ್ತೊಂದನೇ ಹುಟ್ಟುಹಬ್ಬ ಬಂತು. ಅದನ್ನು ಇಲ್ಲಿ ಮದುವೆಯಷ್ಟೇ ಜೋರಾಗಿ ಮಾಡುತ್ತಾರೆ. ಅಂಕಲ್ ಫೋನ್ ಮಾಡಿ, "ಆ ಏಳನೇ ಹಾಡು ತಗೊಂಡ್ ಬಾಮ್ಮ" ಅಂದರು.

"ಅಂಕಲ್, ಅದು ಜಪಾನೀಸು. ಯಾರಿಗೂ ಅರ್ಥ ಆಗಲ್ಲ."

"ಭಾಷೆ ಯಾವ್ದಾದ್ರೇನಮ್ಮ, ಅಳು ಬಂದ್ರೆ ಸಾಕು."

ಹಾಡು ಹಾಕಿದೆ. ಆ ಹುಡುಗಿ ಇಂಗ್ಲಿಷಿನಲ್ಲಿ ಕಾಗದ ಓದತೊಡಗಿದಳು. ಅಪ್ಪನ ತ್ಯಾಗ, ಅಪ್ಪನ ದುಡಿಮೆ, ಅಪ್ಪನ ತಾಳ್ಮೆ. ಅಂಕಲ್ ಮುಂದಿನ ಸಾಲಿನಲ್ಲಿ ಕೂತು ಗಳಗಳ ಅಳುತ್ತಿದ್ದರು. ಒಂದು ಕಡೆ ಹುಡುಗಿ ನಿಂತುಬಿಟ್ಟಳು. "ಡ್ಯಾಡ್, ಸಾರಿ. ಈ ಲೈನ್ ಐ ಕಾಂಟ್ ರೀಡ್. ನೀವು ಒಂದು ದಿನಾನೂ ನನ್ನ ಮೇಲೆ ಕೂಗಾಡಿಲ್ಲ ಅಂತ ಬರ್ದಿದೀರ. ಇಟ್ಸ್ ನಾಟ್ ಟ್ರೂ."

ಕಾಗದ ಬರೆದವರು ಯಾರೆಂದು ಇಡೀ ಹಾಲಿಗೆ ಗೊತ್ತಾಯಿತು. ಆಂಟಿ ಎದ್ದುಹೋಗಿ ಮಗಳ ಕೈಯಿಂದ ಕಾಗದ ಕಿತ್ತುಕೊಂಡು, ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಎರಡು ಪುಟ ಬರ್ದಿದೀರಲ್ರೀ! ನಾನೆಲ್ಲಿ?" ಅಂದರು. "ಹಾ, ಇಲ್ಲಿದೀನಿ. ಕಡೇ ಸಾಲಲ್ಲಿ. 'ಊಟ ರೆಡಿ ಇದೆ, ಎಲ್ಲರೂ ಬನ್ನಿ' ಅಂತ ಇದೆಯಲ್ಲ, ಅದೇ ನಾನು."

ಆರು ತಿಂಗಳ ಕೋರ್ಸು

ಈಗ ನಮ್ಮಮ್ಮ.

ನಾನು ಓದಲು ಹೊರಟಾಗ, ಹೆಣ್ಣುಹುಡುಗಿ ಒಬ್ಬಳೇ ಅಷ್ಟು ದೂರ ಬೇಡ ಅಂತ ಅಪ್ಪ ಕಡ್ಡಿ ಮುರಿದ ಹಾಗೆ ಹೇಳಿದ್ದರು. ಅಮ್ಮ ಒಂದೇ ಮಾತು ಹೇಳಿ ನನ್ನನ್ನು ವಿಮಾನ ಹತ್ತಿಸಿದಳು: "ಆರು ತಿಂಗಳ ಕೋರ್ಸು ಕಣ್ರೀ." ಆರು ತಿಂಗಳು ಆರು ವರ್ಷವಾಯಿತು. ಪ್ರತಿ ಸಲವೂ ಅಮ್ಮ ಅಪ್ಪನ ಮುಂದೆ ನಿಂತು, ಇನ್ನೊಂದು ಪರೀಕ್ಷೆ ಇದೆಯಂತೆ, ಸರ್ಟಿಫಿಕೇಟು ಲೇಟಂತೆ ಎಂದು ಹೊಸ ಹೊಸದು ಹೇಳಿ ಬೈಸಿಕೊಂಡಳು. ನನ್ನ ಈ ಬದುಕು ಅಷ್ಟೂ ಅಮ್ಮನ ಸುಳ್ಳುಗಳ ಮೇಲೆ ನಿಂತಿದೆ.

ಅಮ್ಮ ಮೂರು ತಿಂಗಳಿಗೆ ಅಂತ ಇಲ್ಲಿಗೆ ಬಂದಳು. ಮೊದಲ ದಿನ ಕಾಫಿ ಕೊಟ್ಟಳು, ಇಲ್ಲಿನ ಅಭ್ಯಾಸಕ್ಕೆ ನನ್ನ ಬಾಯಲ್ಲಿ ಥ್ಯಾಂಕ್ಸ್ ಬಂತು. ಅಮ್ಮ ಲೋಟ ಕುಕ್ಕಿ, "ನಾನೇನು ಹೋಟ್ಲು ಮಾಣೀನಾ?" ಅಂದಳು. ಆಮೇಲೆ ನನಗೆ ಧೈರ್ಯವಾಗಲಿಲ್ಲ. ನಮ್ಮ ಮನೆಗಳಲ್ಲಿ ಹೆತ್ತವರಿಗೆ ಥ್ಯಾಂಕ್ಸ್ ಹೇಳುವುದೆಂದರೆ ಅವರನ್ನು ಹೊರಗಿನವರು ಅಂದ ಹಾಗೆ. ಮೂರು ತಿಂಗಳು ಮುಗಿದು ಭಾನುವಾರ ಅಮ್ಮ ಹೊರಡಬೇಕು, ಶನಿವಾರ ಬಂತು, ಹೇಳಿಲ್ಲ.

ಮೇಡಂ ಮುಂದೆ ಇದನ್ನು ಹೇಳಿ ಅತ್ತುಬಿಟ್ಟೆ. ಅವರು, "ಮಧ್ಯಾಹ್ನದ ಮದುವೆ ಆದಮೇಲೆ ಹಾಲ್ ಖಾಲಿ. ಅಮ್ಮನನ್ನು ಕರೆದುಕೊಂಡು ಬಾ. ಇವತ್ತು ಗುಂಡಿ ನಾನು ಒತ್ತುತ್ತೇನೆ" ಅಂದರು.

ಹೂವು, ದೀಪ ಯಾವುದನ್ನೂ ಇನ್ನೂ ತೆಗೆದಿರಲಿಲ್ಲ. ಅಮ್ಮನನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿದೆ. ಏಳನೇ ಹಾಡು ಶುರುವಾಯಿತು. ನಾಲ್ಕು ಸಾಲು ಬರೆದುಕೊಂಡಿದ್ದ ಚೀಟಿ ತೆಗೆದು, "ಅಮ್ಮಾ, ನೀನು ನನಗೋಸ್ಕರ ಎಷ್ಟು ಕಷ್ಟಪಟ್ಟೆ..." ಅನ್ನುವಷ್ಟರಲ್ಲಿ ಅಳು ಬಂತು. ಮೇಡಂ ರೇಷ್ಮೆ ಕಿಮೋನೋದಲ್ಲಿ ಹೂವಿನ ಗುಚ್ಛ ಹಿಡಿದು ಬಂದು, ಅಮ್ಮನ ಮುಂದೆ ಸೊಂಟದವರೆಗೂ ಬಗ್ಗಿ ನಿಂತರು.

ಅಮ್ಮ ಹೂವನ್ನು ನೋಡಿದಳು, ಅದುವರೆಗೆ ಕಂಡಿರದ ಮೇಡಂ ಅವರನ್ನು ನೋಡಿದಳು, ಅಳುತ್ತಿದ್ದ ನನ್ನನ್ನು ನೋಡಿದಳು. ಎದ್ದು ಸೆರಗು ಸರಿ ಮಾಡಿಕೊಂಡು ಹತ್ತಿರ ಬಂದು ಪಿಸುಗುಟ್ಟಿದಳು.

"ಅಳಬೇಡ ಸುಮ್ನಿರು. ಇವ್ರು ಹುಡುಗನ ತಾಯೀನಾ?"

ನಾನು ಕೈಯಲ್ಲಿದ್ದ ಚೀಟಿಯಿಂದಲೇ ಕಣ್ಣೊರೆಸಿಕೊಂಡೆ.

"ಜಪಾನಿನವರಾದ್ರೇನಾಯ್ತು, ಮರ್ಯಾದಸ್ಥರ ಹಾಗೆ ಕಾಣ್ತಾರೆ. ನಿಮ್ಮಪ್ಪನ ಯೋಚ್ನೆ ಬಿಡು, ನಾನು ಏನಾದ್ರೂ ಒಂದು ಹೇಳ್ಕೋತೀನಿ. ಆರು ತಿಂಗಳು ಅಂತ ಹೇಳಿ ಆರು ವರ್ಷ ತಳ್ಳಿಲ್ವಾ? ಕರಿ, ಹುಡುಗ ಎಲ್ಲಿ?"

ಇಷ್ಟಕ್ಕೇ ಅಲ್ಲವೇ ನಾನು ಥ್ಯಾಂಕ್ಸ್ ಹೇಳಬೇಕಿದ್ದದ್ದು! ಅಮ್ಮನನ್ನು ಬಿಗಿಯಾಗಿ ತಬ್ಬಿಕೊಂಡೆ. "ಹುಡುಗ ಯಾರೂ ಇಲ್ಲಮ್ಮ. ಸುಮ್ನೆ ನಿನಗೆ ಥ್ಯಾಂಕ್ಸ್ ಹೇಳೋಣ ಅಂತ."

ಅಷ್ಟು ಹೊತ್ತು ಕಲ್ಲಿನ ಹಾಗೆ ಗಟ್ಟಿಯಾಗಿದ್ದ ಅಮ್ಮ ಕುರ್ಚಿಯಲ್ಲಿ ಕುಸಿದು ಕೂತಳು. ಹಾಡು ಕೊನೆಯ ಚರಣಕ್ಕೆ ಬಂದಿತ್ತು. ಅಮ್ಮ ಸೆರಗು ಬಾಯಿಗಿಟ್ಟುಕೊಂಡು ಬಿಕ್ಕಿ ಬಿಕ್ಕಿ ಅಳತೊಡಗಿದಳು.

ಕನ್ನಡ ಬಾರದ ಮೇಡಂ ಕಣ್ಣೊರೆಸಿಕೊಂಡು, "ನೋಡಿದೆಯಾ, ಈ ಹಾಡು ಯಾವ ತಾಯಿಯನ್ನೂ ಬಿಡುವುದಿಲ್ಲ. ಏನು ಹೇಳುತ್ತಿದ್ದಾರೆ ನಿನ್ನ ಅಮ್ಮ?" ಎಂದು ಕೇಳಿದರು.

ಅಮ್ಮ ಹೇಳುತ್ತಿದ್ದದ್ದು ಇಷ್ಟೇ: "ಇಷ್ಟು ದೊಡ್ಡ ಹಾಲು, ಇಷ್ಟೊಂದು ಹೂವು, ವಾಲಗ ಎಲ್ಲಾ ಇದೆ. ಹುಡುಗ ಒಬ್ಬ ಇಲ್ವಲ್ಲೇ!"